ಸಮುದ್ರ ಯಾರಪ್ಪನ ಗಂಟು?

ಜೂನ್ ತಿಂಗಳ ಮೊದಲ ವಾರದಲ್ಲಿ ಕಾನಹೊಸಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತು ನೋಡಿ. ದಾವಣಗೆರೆ ಕಡೆಯಿಂದ ಬಂದ ಬಸ್ಸಿನಿಂದ ಗಂಟುಮೂಟೆ, ಪಾತ್ರೆ ಚೀಲ, ಮಕ್ಕಳ ಸಮೇತ ಇಳಿಯುವವರಲ್ಲಿ ಕೆಲವರ ಅರಿವೆಯಿಂದ ಮೀನಿನ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ನೀರಿಗೆ ಕೊಡ ಸಾಲು ಹಚ್ಚುವ ಊರಿಗೆ ಸಮುದ್ರದ ವಾಸನೆ! ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೋಟಿನಿಂದ ಮೀನು ಇಳಿಸಿ, ಬುಟ್ಟಿ ಹೊತ್ತು, ಐಸು ಒಡೆದು, ಮೀನನ್ನು ಜಾತಿ ಜಾತಿ ಬೇರೆ ಮಾಡಿ (ಮೀನಿಗೂ ಜಾತಿ ಉಂಟು, ಬೆಲೆಯೂ ಜಾತಿಯ ಮೇಲೆಯೇ) ಹತ್ತು ತಿಂಗಳು ದುಡಿದವರು ಇವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಅದಕ್ಕೆ ಬಿಡುವು ಬೇಕು ಎಂಬುದು ಸರಕಾರದ ನಿಯಮ. ನಿಯಮ ಸರಿಯಾಗಿಯೇ ಇದೆ. ಮೀನಿನ ಬಾಣಂತನಕ್ಕೆ ರಜೆ ಕೊಡುವ ಸರಕಾರ ಮೀನು ಹೊರುವ ಹೆಂಗಸಿನ ಹೊಟ್ಟೆಗೆ ಏನು ಕೊಡುತ್ತದೆ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

2025ರ ಮಾರ್ಚ್ 18ರಂದು ಮಲ್ಪೆ ಬಂದರಿನಲ್ಲಿ ಇಂಥ ಒಬ್ಬ ಹೆಣ್ಣುಮಗಳನ್ನು ಮರಕ್ಕೆ ಕಟ್ಟಿ ಹೊಡೆದರು. ನಮ್ಮ ವಿಜಯನಗರ ಜಿಲ್ಲೆಯಿಂದ ದುಡಿಯಲು ಹೋದವಳು, ಪರಿಶಿಷ್ಟ ಜಾತಿಯವಳು. ಮೀನು ಕದ್ದಳೆಂಬುದು ಆರೋಪ. ಸುತ್ತ ನೆರೆದ ಜನ ನೋಡುತ್ತಾ ನಿಂತಿದ್ದರು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು. ಆ ಚಿತ್ರ ನಾಡೆಲ್ಲ ಹರಿದಾಡಿದ ಮೇಲೆ ಕೇಸು ಆಯಿತು, ಕೆಲವರ ಬಂಧನವಾಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಖಂಡಿಸಿದರು. ಅಲ್ಲಿಗೆ ಮುಗಿಯಲಿಲ್ಲ. ಬಂಧಿತರ ಪರವಾಗಿ ಅದೇ ಮಲ್ಪೆಯಲ್ಲಿ ಮೀನುಗಾರರ ಪ್ರತಿಭಟನೆ ನಡೆಯಿತು. ದಿನಾ ಕಳವಾಗುತ್ತದೆ, ನಮ್ಮ ನಷ್ಟ ಕೇಳುವವರು ಯಾರು ಎಂಬುದು ಅವರ ಕಡೆಯ ಮಾತು.

ಅವಳು ಕದ್ದಳೋ ಇಲ್ಲವೋ ಅದು ಕೋರ್ಟಿನ ವಿಚಾರ. ಹೊಡೆದದ್ದು ತಪ್ಪು ಎಂದು ಹೇಳಲು ಒಂದು ಲೇಖನ ಬೇಕಿಲ್ಲ. ನನ್ನನ್ನು ತಿಂಗಳುಗಟ್ಟಲೆ ಕೊರೆದದ್ದು ಬೇರೆ ಮಾತು. 'ಕಳವು' ಎನ್ನಬೇಕಾದರೆ ಮೊದಲು ಒಬ್ಬ ಒಡೆಯ ಬೇಕಲ್ಲ? ಮೀನನ್ನು ಯಾರೂ ಬಿತ್ತಲಿಲ್ಲ, ಮೇಯಿಸಲಿಲ್ಲ, ನೀರು ಹಾಯಿಸಲಿಲ್ಲ. ಯಾರೂ ಬಿತ್ತದ ಬೆಳೆಗೆ ಒಡೆಯ ಹುಟ್ಟುವುದು ಯಾವ ಗಳಿಗೆಯಲ್ಲಿ? ನೀರಿನಲ್ಲಿದ್ದಾಗಲೋ, ಬಲೆಗೆ ಬಿದ್ದಾಗಲೋ, ದಕ್ಕೆಯಲ್ಲಿ ಹರಾಜು ಕೂಗಿದಾಗಲೋ?

ಬೋಟಿನ ಒಡೆಯ ಹೇಳುತ್ತಾನೆ: ಬಲೆ ನನ್ನದು, ಡೀಸೆಲು ನನ್ನದು, ಬ್ಯಾಂಕಿನ ಸಾಲ ನನ್ನದು, ಆದ್ದರಿಂದ ಮೀನು ನನ್ನದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮೀನು ಸಿಗದ ದಿನ ಖಾಲಿ ಬೋಟು ತಂದು ಕಟ್ಟುವವನೂ ಅವನೇ. ಆದರೆ ಖರ್ಚು ಮಾಡಿದವನದೇ ಮೀನು ಎನ್ನುವುದಾದರೆ ಬೆನ್ನೆಲುಬು ಖರ್ಚು ಮಾಡಿದವಳ ಲೆಕ್ಕ ಎಲ್ಲಿ? ಕಲಾಸಿಗಳು ಪ್ರಾಣ ಪಣಕ್ಕಿಟ್ಟು ತಂದ ಮೀನು ದಡದ ಮೇಲೆ ಒಂದು ಗಂಟೆ ಬಿಸಿಲಿಗೆ ಬಿದ್ದರೆ ಕೊಳೆತ ಹೆಣ. ಅದನ್ನು ಸರಕು ಮಾಡುವುದು ನಮ್ಮೂರ ಹೆಂಗಸಿನ ಕೈ. ದುಡಿಮೆ ಬೆರೆತದ್ದು ದುಡಿದವನದು ಎಂಬ ಸೂತ್ರ ಒಪ್ಪಿದರೆ ಆ ಸೂತ್ರ ಬೋಟಿನ ಅಂಚಿಗೆ ಬಂದು ನಿಲ್ಲಬಾರದು, ಬುಟ್ಟಿಯವರೆಗೂ ಬರಬೇಕು.

ಇದನ್ನು ತಿಳಿಯಲು ನಾನು ಕಡಲಿಗೆ ಹೋಗಬೇಕಿಲ್ಲ, ನಮ್ಮ ಹೊಲಕ್ಕೆ ಹೋದರೆ ಸಾಕು. ಕೂಡ್ಲಿಗಿ ಸೀಮೆಯಲ್ಲಿ ಶೇಂಗಾ ಕಿತ್ತ ಮೇಲೆ ನೆಲದಲ್ಲಿ ಉಳಿದ ಕಾಯನ್ನು ಬಡವರು ಕೆದರಿ ಆರಿಸಿಕೊಳ್ಳುತ್ತಾರೆ. ಹಕ್ಕಲು ಆಯುವುದು ಅಂತಾರೆ. ಹೊಲದ ಗೌಡ ಸುಮ್ಮನಿದ್ದರೆ ಅದು ಹಕ್ಕಲು, ಅವನಿಗೆ ಸಿಟ್ಟು ಬಂದರೆ ಅದೇ ಕಾಯಿ, ಅದೇ ಮಡಿಲು, ಕಳವು. ಇನ್ನು ಕಣದಲ್ಲಿ ರಾಶಿಯಾದಾಗ ಹೊಲೆಮಾದಿಗರಿಗೆ ಅಳೆದು ಹಾಕುತ್ತಿದ್ದ ಆಯ. ವರ್ಷವಿಡೀ ಸತ್ತ ದನ ಹೊತ್ತದ್ದಕ್ಕೆ, ಮಿಣಿ ಚಮ್ಮಟಿಗೆ ಕೊಟ್ಟದ್ದಕ್ಕೆ, ತಮಟೆ ಬಡಿದದ್ದಕ್ಕೆ ಕೊನೆಗೆ ರಾಶಿಯ ಬುಡದ ಮಣ್ಣುಗಾಳು. ಅದನ್ನು ಬೊಗಸೆಯೊಡ್ಡಿ ಬಗ್ಗಿ ತೆಗೆದುಕೊಳ್ಳಬೇಕು. ನಮ್ಮ ಹಿರಿಯರು ಆಯ ಬಿಟ್ಟು ಕೂಲಿಗೆ ಹೋದದ್ದು ಸೋಮಾರಿತನದಿಂದಲ್ಲ. ಆಯ ಬೇರೆ, ಪಾಲು ಬೇರೆ ಎಂದು ಅವರ ಬೆನ್ನಿಗೆ ಗೊತ್ತಿತ್ತು. ಆಯ ಕೊಡುವವನ ಮನಸ್ಸಿನಲ್ಲಿ ಇರುತ್ತದೆ. ಪಾಲು ದುಡಿದವನ ಕೈಯಲ್ಲಿ ಇರುತ್ತದೆ.

ಬಂದರಿನಲ್ಲೂ ಇದೇ ನಡೆದಿದೆ. ಕೂಲಿಯ ಜತೆಗೆ ಒಂದು ಮುಷ್ಟಿ ಮೀನು ಕೊಡುವುದುಂಟು. ಕೊಟ್ಟರೆ ಧರ್ಮ, ತೆಗೆದುಕೊಂಡರೆ ಕಳ್ಳತನ. ಮೀನು ಒಂದೇ, ಕೈ ಬದಲಾದರೆ ಅದರ ಹೆಸರು ಬದಲಾಗುತ್ತದೆ. ಹೆಸರಿಡುವ ಹಕ್ಕು ಯಾರಲ್ಲಿದೆಯೋ ಅವನೇ ನಿಜವಾದ ಒಡೆಯ.

ಗೆಳೆಯರೆ, ಆ ಮಾರ್ಚ್ 18ರಂದು ಇನ್ನೊಂದು ಮಾರ್ಚ್ ನೆನಪಾಗದೆ ಇರದು. 1927ರ ಮಾರ್ಚ್ 20ರಂದು ಇದೇ ಪಡುವಣ ಕಡಲಿನ ಸೀಮೆಯಾದ ಕೊಂಕಣದ ಮಹಾಡಿನಲ್ಲಿ ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. 1923ರಲ್ಲೇ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಠರಾವು ಮಾಡಿತ್ತು, ಮಹಾಡಿನ ಪುರಸಭೆಯೂ ಕೆರೆ ಎಲ್ಲರದೂ ಎಂದು ಹೇಳಿತ್ತು. ಕಾಗದದ ಮೇಲೆ ಕೆರೆ ಎಲ್ಲರದೇ. ಕುಡಿದವರಿಗೆ ದೊಣ್ಣೆಯ ಏಟು. ಆಮೇಲೆ ಕೆರೆಗೆ ಪಂಚಗವ್ಯದ ಶುದ್ಧಿ. ಕೆರೆ ಖಾಸಗಿ ಸ್ವತ್ತು ಎಂದು ಮೇಲ್ಜಾತಿಯವರು ಹೂಡಿದ ದಾವೆ ಮುಂಬಯಿ ಹೈಕೋರ್ಟಿನಲ್ಲಿ ಇತ್ಯರ್ಥವಾಗಲು 1937ರ ಮಾರ್ಚ್ ಬರಬೇಕಾಯಿತು. ಹತ್ತು ವರ್ಷ. ದನ, ನಾಯಿ ಯಾವ ದಾವೆಯೂ ಇಲ್ಲದೆ ಅದೇ ನೀರು ಕುಡಿದುಕೊಂಡಿದ್ದವು.

ಮಹಾಡ್ ನಮಗೆ ಕಲಿಸಿದ್ದು ಇದು: 'ಎಲ್ಲರದು' ಎಂಬ ಮಾತನ್ನು ನಂಬಬೇಡ, ಆ ಎಲ್ಲರಲ್ಲಿ ನೀನಿದ್ದೀಯಾ ಎಂದು ಇಳಿದು ನೋಡು. ಸಮುದ್ರದ ವಿಷಯದಲ್ಲಿ ಈ 'ಎಲ್ಲರದು' ಎಂಬ ಮಾತಿಗೆ ಒಂದು ಉದ್ದ ಚರಿತ್ರೆಯೇ ಇದೆ. ಗಾಳಿಯಂತೆ ಸಮುದ್ರವೂ ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ಮುಕ್ತ ಎಂದು 1609ರಲ್ಲಿ ಪುಸ್ತಕ ಬರೆದವನು ಗ್ರೋಷಿಯಸ್ ಎಂಬ ಡಚ್ ವಕೀಲ. ಕೇಳಲು ಎಷ್ಟು ಚೆಂದ! ಆತ ವಕಾಲತ್ತು ಮಾಡಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಗೆ. ನಮ್ಮ ಕರಾವಳಿಯಲ್ಲಿ ಪೋರ್ಚುಗೀಸರು ಕಡಲಿಗೆ ಬೇಲಿ ಹಾಕಿ ಹಡಗಿಗೊಂದು ಪರವಾನಗಿ ಚೀಟಿ ಮಾರುತ್ತಿದ್ದರಲ್ಲ, ಆ ಬೇಲಿ ಮುರಿದು ತನ್ನ ಕಂಪನಿ ನುಗ್ಗಲಿ ಎಂಬುದು ಅವನ ವಾದ. ಮುಕ್ತ ಎಂದರೆ ದೊಡ್ಡ ಹಡಗು ಇದ್ದವನಿಗೆ ಮುಕ್ತ.

1967ರಲ್ಲಿ ಮಾಲ್ಟಾ ಎಂಬ ಪುಟ್ಟ ದೇಶದ ಪ್ರತಿನಿಧಿ ಆರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು, ಸಮುದ್ರದ ತಳ ಇಡೀ ಮನುಕುಲದ ಪಿತ್ರಾರ್ಜಿತ ಆಗಲಿ ಎಂದ. ಒಳ್ಳೆಯ ಮನುಷ್ಯ. ಆದರೆ ಹದಿನೈದು ವರ್ಷ ಚರ್ಚೆ ನಡೆದು 1982ರಲ್ಲಿ ಒಪ್ಪಂದ ಆಗುವ ಹೊತ್ತಿಗೆ ದಡದಿಂದ 200 ನಾಟಿಕಲ್ ಮೈಲಿಯವರೆಗಿನ, ಅಂದರೆ ಸುಮಾರು 370 ಕಿಲೋಮೀಟರಿನ ಸಂಪತ್ತು ಆಯಾ ದೇಶದ್ದು ಎಂದಾಯಿತು. ಭಾರತ ಅದಕ್ಕೂ ಮುಂಚೆ 1976ರಲ್ಲೇ ಕಾನೂನು ಮಾಡಿಕೊಂಡಿತ್ತು. ಮೊದಲ 12 ನಾಟಿಕಲ್ ಮೈಲಿಯ ಮೀನುಗಾರಿಕೆ ರಾಜ್ಯದ ಕೈಗೆ, ಅದರಾಚೆಗಿನದು ಕೇಂದ್ರದ ಕೈಗೆ. ಹೀಗೆ ಯಾರದೂ ಅಲ್ಲದ್ದು ಎಲ್ಲರದಾಗಿ, ಎಲ್ಲರದು ಸರಕಾರದ್ದಾಯಿತು. ಸರಕಾರದ್ದು ಆದದ್ದು ಮುಂದೆ ಯಾರದಾಗುತ್ತದೆ ಎಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕೆ? ನಮ್ಮ ಮಗ್ಗುಲಿನ ಸಂಡೂರಿನ ಗುಡ್ಡಗಳೂ ಸರಕಾರದವೇ ಆಗಿದ್ದವು.

ಆ ಗುಡ್ಡಗಳು ಲಾರಿ ಹತ್ತಿ ಎಲ್ಲಿಗೆ ಹೋದವು? ಸಮುದ್ರಕ್ಕೆ. ಅಂಕೋಲಾದ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಸುಮಾರು 8 ಲಕ್ಷ ಟನ್ ಕಬ್ಬಿಣದ ಅದಿರಿನಲ್ಲಿ ಬಹುಪಾಲು, ಜಪ್ತಿಯಲ್ಲಿ ಇರುವಾಗಲೇ, ಹಡಗು ಹತ್ತಿ ಮಾಯವಾಯಿತು. ಲೋಕಾಯುಕ್ತ ವರದಿ ಬಂತು, ಸಿಬಿಐ ಬಂತು. 2024ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯ ಒಬ್ಬ ಶಾಸಕರೂ ಸೇರಿದಂತೆ ಹಲವರಿಗೆ ಏಳು ವರ್ಷದವರೆಗೆ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟು ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಕಾನೂನು ತನ್ನ ದಾರಿಯಲ್ಲಿ ನಡೆಯಲಿ, ನನ್ನ ತಕರಾರಿಲ್ಲ. ಕರಾವಳಿಯ ಒಂದು ಬಂದರಿನಲ್ಲಿ ನಮ್ಮ ಸೀಮೆಯ ಗುಡ್ಡವೇ ಕಾಣೆಯಾದಾಗ ಹದಿನಾಲ್ಕು ವರ್ಷದ ತಾಳ್ಮೆ. ಇನ್ನೊಂದು ಬಂದರಿನಲ್ಲಿ ಒಂದು ಬುಟ್ಟಿ ಮೀನಿನ ಅನುಮಾನ ಬಂದಾಗ ಹದಿನಾಲ್ಕು ನಿಮಿಷದ ತಾಳ್ಮೆಯೂ ಇಲ್ಲ. ಅದಿರಿನ ಬಂದರಿನಲ್ಲಿ ಯಾರನ್ನೂ ಯಾವ ಮರಕ್ಕೂ ಕಟ್ಟಲಿಲ್ಲ. ಕಟ್ಟಬೇಕಿತ್ತು ಎಂದು ನಾನು ಹೇಳುತ್ತಿಲ್ಲ.

ಇಷ್ಟು ಬರೆದ ಮೇಲೆ ಕಡಲ ಮಕ್ಕಳನ್ನು ಬಾಯಿಗೆ ಬಂದಂತೆ ಬೈದು ಲೇಖನ ಮುಗಿಸುವುದು ಸುಲಭ. ಅದು ಅನ್ಯಾಯ. ಅವರೂ ಪೆಟ್ಟು ತಿಂದವರೇ. ರಂಪಣಿ ಎಂಬ ಬಲೆ ಇತ್ತು. ದಡದಿಂದ ಅರ್ಧಚಂದ್ರಾಕಾರವಾಗಿ ಕಡಲಿಗೆ ಬಿಟ್ಟು ಎರಡೂ ತುದಿ ದಡದ ಮೇಲೆ ನಿಂತು ಎಳೆಯುವ, ಎಂಬತ್ತು ನೂರು ಜನ ಬೇಕಾಗುತ್ತಿದ್ದ ದೊಡ್ಡ ಬಲೆ. ಬಲೆಗೊಂದು ಪಾಲು, ಎಳೆದ ಕೈಗೊಂದು ಪಾಲು. ಬಂಗುಡೆ, ಬೂತಾಯಿಯ ಹಿಂಡು ದಡದ ಹತ್ತಿರ ಬರುವವರೆಗೆ ಕಾಯಬೇಕು. ಕಾಯುವುದರಲ್ಲೇ ಸಮುದ್ರಕ್ಕೆ ಬಿಡುವು ಇತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸಿನ್ ಬೋಟು ಬಂತು. ದಡಕ್ಕೆ ಬರುವ ಮೊದಲೇ ಹಿಂಡನ್ನು ಸುತ್ತುವರಿದು ಚೀಲದ ಬಾಯಿ ಕಟ್ಟಿದ ಹಾಗೆ ಎತ್ತಿಬಿಡುವ ಬಲೆ. ಇಪ್ಪತ್ತೈದು ಮೂವತ್ತು ಜನ ಸಾಕು. ರಂಪಣಿಯವರು ದಂಗೆಯೆದ್ದರು, ಗಲಾಟೆಗಳಾದವು. ಕೆಲವೇ ವರ್ಷದಲ್ಲಿ ರಂಪಣಿ ಕರಾವಳಿಯ ಬಹುಪಾಲು ಕಡೆ ಕಣ್ಮರೆಯಾಯಿತು. ಅದರ ಮೇಲೆ, 1986ರಲ್ಲಿ, ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆಮೇಲಿನದು ಎಲ್ಲರೂ ಬಲ್ಲದ್ದು. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಊರೂರೇ ಎದ್ದವು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು, ಮೀನು ಒಣಗಿಸುವ ಹೆಂಗಸರು ವರ್ಷಗಟ್ಟಲೆ ಬೀದಿಯಲ್ಲಿ ನಿಂತರು. ಈಗ 'ನೀಲಿ ಆರ್ಥಿಕತೆ' ಎಂಬ ಹೊಸ ಮಂತ್ರ. 2023ರಲ್ಲಿ ಕಡಲ ಖನಿಜದ ಕಾನೂನು ತಿದ್ದಿ, 2024ರ ನವೆಂಬರಿನಲ್ಲಿ ಸಮುದ್ರ ತಳದ 13 ಬ್ಲಾಕುಗಳನ್ನು ಹರಾಜಿಗಿಟ್ಟರು. ಅದರಲ್ಲಿ ಕೇರಳದ ಕೊಲ್ಲಂ ಎದುರಿನ ಮರಳೂ ಸೇರಿದೆ. ಹೊಳೆಯ ಮರಳು ಮುಗಿಯಿತು, ಇನ್ನು ಕಡಲಿನದು!

ಇಲ್ಲಿ ನಮ್ಮಂಥವರಿಗೆ ಒಂದು ಇಕ್ಕಟ್ಟು ಇದೆ, ಅದನ್ನು ಮುಚ್ಚಿಡಬಾರದು. ಕಂಪನಿಯ ಎದುರು ಕಡಲ ಮಕ್ಕಳು ಹೂಡುವ ವಾದ ಏನು? ಇದು ನಮ್ಮ ಕುಲಕಸುಬು, ತಲೆತಲಾಂತರದ ಹಕ್ಕು, ಸಂಪ್ರದಾಯದ ಕಾವಲು. ಪರಿಸರವಾದಿಗಳೂ ಈಗ ಇದನ್ನೇ ಹೊಗಳುತ್ತಾರೆ: ಸಂಪ್ರದಾಯ ಸಮುದ್ರವನ್ನು ಕಾಯುತ್ತದೆ ಅಂತ. ನಿಜವೂ ಇರಬಹುದು. ಆದರೆ ಕೆರೆಯ ಮೆಟ್ಟಿಲಲ್ಲಿ ನಮ್ಮನ್ನು ತಡೆದವರ ಬಾಯಲ್ಲೂ ಇದ್ದದ್ದು ಅದೇ ಶಬ್ದ, ಸಂಪ್ರದಾಯ. ಹುಟ್ಟಿನಿಂದ ಬಂದ ಹಕ್ಕು ಎನ್ನುವಾಗ ದಲಿತನ ಕಿವಿ ನೆಟ್ಟಗಾಗುತ್ತದೆ. ಹುಟ್ಟು ಒಬ್ಬನಿಗೆ ಕಡಲು ಕೊಟ್ಟರೆ ಇನ್ನೊಬ್ಬನಿಗೆ ಹೊಲಗೇರಿ ಕೊಟ್ಟಿದೆ. ಹಾಗಂತ ಸಂಪ್ರದಾಯದ ಬೇಲಿ ಕಿತ್ತು ಎಲ್ಲರಿಗೂ ಬಿಟ್ಟುಬಿಡಿ ಎಂದರೆ? ಗ್ರೋಷಿಯಸನ ಕಂಪನಿ ಕಾದು ಕುಳಿತಿರುತ್ತದೆ. ಬೇಲಿ ಇದ್ದರೆ ಜಾತಿ, ಬೇಲಿ ಕಿತ್ತರೆ ಬಂಡವಾಳ. ಸರಕಾರಕ್ಕೆ ಕೊಟ್ಟರೆ ಹರಾಜು.

ಸಂವಿಧಾನದ 39ನೆಯ ವಿಧಿ ಸಮುದಾಯದ ಸಂಪತ್ತು ಎಲ್ಲರ ಒಳಿತಾಗುವಂತೆ ಹಂಚಿಕೆಯಾಗಬೇಕು ಎನ್ನುತ್ತದೆ. ಅದನ್ನು ಬರೆಯುವ ಮುಂಚೆ, 1947ರಲ್ಲಿ, ಬಾಬಾಸಾಹೇಬರು 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಬರಹದಲ್ಲಿ ಭೂಮಿ ಪ್ರಭುತ್ವದ್ದಾಗಲಿ, ಜಾತಿಮತ ನೋಡದೆ ಊರ ಜನಕ್ಕೆ ಒಟ್ಟಾಗಿ ದುಡಿಯಲು ಕೊಡಲಿ, ಜಮೀನ್ದಾರನೂ ಇರಬಾರದು ಗೇಣಿದಾರನೂ ಇರಬಾರದು ಭೂಹೀನ ಕೂಲಿಯೂ ಇರಬಾರದು ಎಂದು ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮಾತನ್ನು ಕಡಲಿಗೆ ಹಚ್ಚಿ ನೋಡೋಣ. ಪಾಲು ಹುಟ್ಟಿನಿಂದ ಬರಬಾರದು, ಹಣದಿಂದಲೂ ಬರಬಾರದು, ಆ ಸಮುದ್ರದ ಮೇಲೆ ನಡೆಯುವ ದುಡಿಮೆಯಿಂದ ಬರಬೇಕು. ಮೊಗವೀರನ ದುಡಿಮೆ, ಕಲಾಸಿಯ ದುಡಿಮೆ, ಬುಟ್ಟಿ ಹೊರುವ ನಮ್ಮೂರ ಹೆಂಗಸಿನ ದುಡಿಮೆ. ರಂಪಣಿಯ ಹಗ್ಗದಲ್ಲಿ ಎಳೆದ ಕೈಗೆ ಪಾಲು ಇತ್ತಲ್ಲ, ಆ ಹಗ್ಗವನ್ನು ಇನ್ನಷ್ಟು ಉದ್ದ ಮಾಡಬೇಕಷ್ಟೆ. ಹಾಗೆ ಮಾಡಿದರೆ ಕಡಲ ಮಕ್ಕಳ ಹಕ್ಕು ಕರಗಿಹೋಗುವುದಿಲ್ಲ. ಟೊಂಕದಲ್ಲಿ ಕಂಪನಿಯ ಎದುರು ನಿಲ್ಲಲು ಅವರಿಗೆ ಸಾವಿರ ಕೈ ಹೆಚ್ಚಾಗುತ್ತವೆ. ಮರಕ್ಕೆ ಕಟ್ಟಿದವಳ ಕೈಗಳೂ ಆ ಸಾವಿರದಲ್ಲಿ ಇರಬಹುದಿತ್ತು.

ಈಗ ಆ 61 ದಿನದ ಮಾತಿಗೆ ಬರುತ್ತೇನೆ. ಸಮುದ್ರ ಉಳಿಯಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಬೆಳೆಯದ ಮರಿಮೀನನ್ನು ಬಾಚಿ ತಂದು ಮೀನಿನ ಹುಡಿ, ಮೀನೆಣ್ಣೆ ಮಾಡುವ ಕಾರ್ಖಾನೆಗೆ ಸುರಿಯುತ್ತಾರೆ. ಅಲ್ಲಿಂದ ಅದು ಕೋಳಿಗೆ, ಸಾಕಿದ ಸಿಗಡಿಗೆ ಮೇವು. ಬಡವರ ತಟ್ಟೆಗೆ ಬರಬೇಕಾದ ಬೂತಾಯಿ ಫಾರಮ್ಮಿನ ಕೋಳಿಯ ಹೊಟ್ಟೆ ಸೇರುತ್ತದೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ದೀಪದ ಬೆಳಕು ಬಿಟ್ಟು ಮೀನು ಸೆಳೆಯುವುದನ್ನೂ ಎರಡು ಬೋಟು ಕಟ್ಟಿ ಬಲೆ ಎಳೆಯುವುದನ್ನೂ ನಿಷೇಧಿಸಿತು. ನಿಷೇಧ ಬೇಕು, ಕಾವಲು ಬೇಕು. ನನ್ನ ಪ್ರಶ್ನೆ, ಈ ಉಪವಾಸದ ಖರ್ಚು ಯಾರ ತಲೆಗೆ?

ನಿಷೇಧದ ತಿಂಗಳುಗಳಿಗೆಂದು ಉಳಿತಾಯ ಮತ್ತು ಪರಿಹಾರ ಎಂಬ ಯೋಜನೆಯಿದೆ. ಮೀನುಗಾರ ತಾನು ಉಳಿಸಿದ 1500 ರೂಪಾಯಿಗೆ ಕೇಂದ್ರ, ರಾಜ್ಯ ತಲಾ 1500 ಸೇರಿಸಿ 4500 ಕೊಡುತ್ತವೆ. ಅದು ಅವರಿಗೇ ಸಾಲದು. ಆದರೂ ಅವರ ಹೆಸರು ಪಟ್ಟಿಯಲ್ಲಿದೆ. ಪಟ್ಟಿ ಸೇರಲು ಮೀನುಗಾರರ ಸಹಕಾರ ಸಂಘದ ಸದಸ್ಯತ್ವ ಬೇಕು, ಸಕ್ರಿಯ ಕಡಲ ಮೀನುಗಾರ ಆಗಿರಬೇಕು. ಘಟ್ಟದ ಮೇಲಿಂದ ಹೋದವಳು ದಡದವಳು, ಕಡಲಿಗೆ ಇಳಿದವಳಲ್ಲ. ಲೆಕ್ಕದಲ್ಲಿ ಅವಳು ಮೀನುಗಾರಳೇ ಅಲ್ಲ. ಇಲ್ಲಿ ಊರಲ್ಲಿ ಹೊಲವಿಲ್ಲದ್ದರಿಂದ ರೈತಳೂ ಅಲ್ಲ. ಹಾಗಾದರೆ ಮೀನು ಮರಿ ಮಾಡಲೆಂದು ಎರಡು ತಿಂಗಳು ಬಿಡಿಗಾಸಿಲ್ಲದೆ ಕೂತವಳು ಸಮುದ್ರ ಉಳಿಸಿದವಳು ಹೌದೋ ಅಲ್ಲವೋ? ದೊಡ್ಡ ಸಭೆಗಳಲ್ಲಿ ಸಾಗರ ಸಂರಕ್ಷಣೆಯ ಭಾಷಣ ಮಾಡುವವರಿಗಿಂತ ಹೆಚ್ಚಿನ ತ್ಯಾಗ ಅವಳ ಹೆಸರಿನಲ್ಲಿದೆ, ಬರೆಯಲು ಖಾತೆಯಿಲ್ಲ ಅಷ್ಟೆ.

ನಮ್ಮ ಸೀಮೆಗೂ ಈಗ ನೀರು ಬರುವ ಮಾತಿದೆ. ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ. ಕೆರೆ ತುಂಬಿದರೆ ಮೀನು ಬರುತ್ತದೆ, ಮೀನು ಬಂದರೆ ಗುತ್ತಿಗೆ, ಹರಾಜು, ಕಾವಲುಗಾರ ಬರುತ್ತಾರೆ. ಕರಾವಳಿಯವರಿಗೆ ಬುದ್ಧಿ ಹೇಳುವ ಮುಂಚೆ ನಮ್ಮ ಕೆರೆ ಏರಿಯ ಮೇಲೆ ಯಾರ ಮಗಳಿಗೆ ಏನು ಹೆಸರಿಡುತ್ತೇವೆ ನೋಡಬೇಕು. ಕರಾವಳಿಯಲ್ಲಿ ಮಾತ್ರ ಮರಗಳು ಇರುವುದಲ್ಲ.

ಮೊನ್ನೆ ಜೂನಿನಲ್ಲಿ ಬಸ್ಸಿಳಿದ ಅಕ್ಕನೊಬ್ಬಳು ನಮ್ಮ ಕೇರಿಯ ಕಟ್ಟೆಯ ಮೇಲೆ ಕೂತು ಕೂಲಿ ಲೆಕ್ಕ ಕೇಳಿದಳು. ಓದು ಬಾರದು. ಬೆರಳು ಮಡಚಿ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. 'ಆಗಸ್ಟಿಗೆ ಮತ್ತೆ ಹೋಗ್ತೀಯೇನಕ್ಕ?' ಎಂದೆ. 'ಹೋಗದೆ ಏನ್ಮಾಡ್ಲಿ ಅಣ್ಣ, ಇಲ್ಲೇನೈತೆ. ಅಲ್ಲಿ ಎಲ್ರೂ ಕೆಟ್ಟೋರಲ್ಲ. ಒಬ್ಬಮ್ಮ ನನ್ನ ಮಗಳಿಗೆ ಜ್ವರ ಬಂದಾಗ ಆಟೋ ಮಾಡಿ ಕಳಿಸಿದ್ಲು' ಎಂದಳು. ಆಮೇಲೆ ಸ್ವಲ್ಪ ತಡೆದು, 'ಈ ಸಲ ಹೋಗೋವಾಗ ಒಂದು ಪುಸ್ತಕ ಮಾಡಿಕೊಡು. ದಿನಾ ಎಷ್ಟು ಬುಟ್ಟಿ ಹೊತ್ತೆ ಅಂತ ಯಾರ ಕೈಲಾದ್ರೂ ಬರಸ್ತೀನಿ. ಮೀನು ಕೊಟ್ರೆ ಅದನ್ನೂ ಬರಿಯಾಕೆ ಒಂದು ಗೆರಿ ಹಾಕು. ಆಮೇಲೆ ಯಾರೂ ಮಾತಾಡಬಾರ್ದು' ಎಂದಳು.

ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಗೆರೆ ಎಳೆದೆ. ದಿನ, ಬುಟ್ಟಿ, ಕೂಲಿ. ನಾಲ್ಕನೆಯ ಮನೆಯ ತಲೆಯ ಮೇಲೆ ಏನು ಬರೆಯಲಿ ಎಂದು ಪೆನ್ನು ಹಿಡಿದು ಕೂತೆ. 'ಕೊಟ್ಟದ್ದು' ಎನ್ನಲೋ, 'ಪಾಲು' ಎನ್ನಲೋ ಎಂದು ಅವಳನ್ನೇ ಕೇಳಿದೆ.

'ಮೀನು ಅಂತ ಬರಿ ಸಾಕು' ಎಂದಳು.